ಮೈದುನ ಪಾಪರ್ ಚೀಟಿ ತಗೊಂಡ್ರ ಜಾಮೀನು ನಿಂತವರ ಗತಿ ಏನ್ರಿ?

ಪ್ರಶ್ನೆ: ನಾನು ಗದಗ ತಾಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲಿ ಟೀಚರ್ ಇದೀನ್ರಿ. ನಮ್ಮ ಯಜಮಾನ್ರು ಸಾರಿಗೆ ಸಂಸ್ಥೆ ಡಿಪೋದಾಗ ಮೆಕ್ಯಾನಿಕ್. ನಮ್ಮ ಮೈದುನ ಗದಗಿನಾಗ ಪ್ರಿಂಟಿಂಗ್ ಪ್ರೆಸ್ ನಡಸ್ತಾನ, ಪ್ರೆಸ್ ಅವನೊಬ್ಬನ ಹೆಸರಲೇ ಐತಿ. ಅದರ ಮ್ಯಾಲ ಬ್ಯಾಂಕಿನಾಗ 12 ಲಕ್ಷದ ಸಿಸಿ (ಕ್ಯಾಶ್ ಕ್ರೆಡಿಟ್) ಲೋನ್ ಐತಿ, ನಮ್ಮ ಯಜಮಾನ್ರು ಮತ್ತ ಮೈದುನನ ಒಬ್ಬ ಗೆಳೆಯ ಜಾಮೀನು ನಿಂತಾರ. ಪತ್ತಿನ ಸಹಕಾರಿ ಸಂಘದಾಗ 4 ಲಕ್ಷ ತಗೊಂಡಾನ, ಅದಕ್ಕ ನಾನು ಜಾಮೀನು, ಪಗಾರ ಸರ್ಟಿಫಿಕೇಟ್ ಕೊಟ್ಟೀನಿ. ಮನಿ ಅಣ್ಣ ತಮ್ಮ ಇಬ್ಬರ ಹೆಸರಿಗೂ ಐತಿ, ಮ್ಯಾಲಂತಸ್ತು ಕಟ್ಟಾಕ ಇಬ್ಬರೂ ಕೂಡಿ ಹೌಸಿಂಗ್ ಲೋನ್ ಮಾಡ್ಯಾರ. ಪ್ರೆಸ್ಸಿನಾಗಿರೋ ಕಟಿಂಗ್ ಮಷಿನ್ ನಮ್ಮ ಯಜಮಾನ್ರ ರೊಕ್ಕದ್ದು. ಅತ್ತಿ ಹೆಸರಲೇ 3 ಎಕರೆ ಹೊಲ ಐತಿ. ಈಗ ವ್ಯಾಪಾರ ಪೂರ್ತಿ ಬಿದ್ದೈತಿ, ಕೋರ್ಟಿಗೆ ಹೋಗಿ ಪಾಪರ್ ಚೀಟಿ ತಗೋತೀನಿ ಅಂತ ಮೈದುನ ಕುಂತಾನ, ಅದು ಸಿಕ್ಕರ ನಿಮ್ಮ ಜಾಮೀನೂ ತಾನ ಹೋಗತೈತಿ ಅಂತ ಅವಗ ಯಾರೋ ಹೇಳ್ಯಾರ. ಖರೇನ್ರಿ? ನಮ್ಮ ಪಗಾರ, ಮನಿ, ಜಾಯಿಂಟ್ ಅಕೌಂಟ್ ಏನಾಗತಾವ?

ಉತ್ತರ: ಅಕ್ಕಾರ, ಖರೇ ಅಲ್ರಿ. ಅದನ್ನ ನಂಬಿ ಸುಮ್ಮನ ಕುಂತ್ರ ಎಲ್ಲಾದಕ್ಕಿಂತ ಜಾಸ್ತಿ ಪೆಟ್ಟು ಬೀಳೋದು ನಿಮಗ ಮತ್ತ ನಿಮ್ಮ ಯಜಮಾನ್ರಿಗೆ, ಅದಕ್ಕ ಇಷ್ಟು ಉದ್ದ ಬರ್ಯಾಕತ್ತೀನಿ, ಪೂರ್ತಿ ಓದ್ರಿ, ಯಜಮಾನ್ರಿಗೂ ಓದಿಸ್ರಿ, ಆದ್ರ ಮೈದುನನ್ನೂ ಕುಂದರಿಸಿಕೊಂಡು ಓದ್ರಿ.

ಪಾಪರ್ ಚೀಟಿ ಅಂದ್ರ ಸಾಲ ತೀರಿಸಾಕ ಆಗದವನ್ನ ಕೋರ್ಟು ದಿವಾಳಿ ಅಂತ ಘೋಷಣೆ ಮಾಡೋದು. ನಮ್ಮ ಕಡೆ ಒಬ್ಬ ಸಾಮಾನ್ಯ ಮನಷ್ಯಾ ದಿವಾಳಿ ಅರ್ಜಿ ಹಾಕೋದು 1920ರ ಪ್ರಾಂತೀಯ ದಿವಾಳಿ ಕಾಯ್ದೆ ಪ್ರಕಾರ. 2016ರಾಗ ಐಬಿಸಿ ಅನ್ನೋ ಹೊಸಾ ದಿವಾಳಿ ಕಾಯ್ದೆ ಬಂತಲ್ಲ, ಹಳೇದು ಹೋತು ಅಂತ ಭಾಳ ಮಂದಿ ತಿಳ್ಕೊಂಡಾರ. ಐಬಿಸಿಯೊಳಗ ವ್ಯಕ್ತಿಗಳ ಸಲುವಾಗಿ ಬರೆದ ಭಾಗ ಐತಿ ಖರೇ, ಆದ್ರ ಅದನ್ನ 2019ರ ಡಿಸೆಂಬರ್ 1ರಿಂದ ಕಂಪನಿ ಸಾಲಕ್ಕ ಜಾಮೀನು ನಿಂತವರಿಗಷ್ಟ ಜಾರಿ ಮಾಡ್ಯಾರ. ನಿಮ್ಮ ಮೈದುನನ ಪ್ರೆಸ್ ಅವನೊಬ್ಬನ ಹೆಸರಿನ ಅಂಗಡಿ, ಪ್ರೈವೇಟ್ ಲಿಮಿಟೆಡ್ ಅಲ್ಲ, ಹಂಗಾಗಿ ಅವಗ ಹಳೇ ಕಾಯ್ದೇನ. ಅದೆಷ್ಟು ಹಳೇದು ಅಂದ್ರ 500 ರೂಪಾಯಿ ಸಾಲ ಇದ್ರೂ ಅರ್ಜಿ ಹಾಕಬಹುದು ಅಂತ ಇನ್ನೂ ಅದರಾಗ ಬರದೈತಿ. ಆ ಕಾಯ್ದೆಯ 44ನೇ ಕಲಮಿನಾಗ ನಿಮ್ಮ ಪ್ರಶ್ನೆಗೆ ನೇರ ಉತ್ತರ ಐತ್ರಿ. ದಿವಾಳಿ ಆದವಗ ಕೋರ್ಟು ಕೊನೀಗೆ ಋಣಮುಕ್ತ ಅಂತ ಆದೇಶ ಕೊಟ್ರೂ, ಅವನ ಪಾಲುದಾರ, ಅವನ ಕೂಡ ಜಂಟಿಯಾಗಿ ಸಾಲ ಮಾಡಿದಾವ, ಅವಗ ಜಾಮೀನು ನಿಂತಾವ, ಇವರ್ಯಾರಿಗೂ ಆ ಆದೇಶದಿಂದ ಬಿಡುಗಡೆ ಇಲ್ಲ. ಪಾಪರ್ ಚೀಟಿ ಒಬ್ಬರಷ್ಟ ನಿಂದರೋ ಛತ್ರಿ, ಮಗ್ಗಲಿನವರು ತೊಯ್ಯೂದ ತಪ್ಪಂಗಿಲ್ಲ.

ತೊಯ್ಯೂದಷ್ಟ ಅಲ್ಲ, ಮಳಿ ನಿಮ್ಮ ಮ್ಯಾಲ ಜೋರಾಗತೈತಿ. ಹೆಂಗಂದ್ರ, ಮೈದುನನ್ನ ಕೋರ್ಟು ದಿವಾಳಿ ಅಂತ ಘೋಷಣೆ ಮಾಡಿದ ದಿನದಿಂದ ಅವನ ಆಸ್ತಿ ಎಲ್ಲಾ ಕೋರ್ಟಿನ ಇಲ್ಲಾ ರಿಸೀವರ್ (ಅಂದ್ರ ಆ ಆಸ್ತಿ ನೋಡ್ಕೊಳ್ಳಾಕ ಕೋರ್ಟು ನೇಮಿಸಿದಾವ) ಕೈಗೆ ಹೋಗತೈತಿ, ಆಧಾರ ಇಲ್ಲದ ಸಾಲ ಕೊಟ್ಟವರು ಕೋರ್ಟಿನ ಪರವಾನಗಿ ಇಲ್ಲದ ಅವನ ಮ್ಯಾಲ ಹೊಸಾ ದಾವೆ ಹಾಕಂಗಿಲ್ಲ. ಆಗ ಬ್ಯಾಂಕಿನವರು, ಸೊಸೈಟಿಯವರು ಏನ್ ಮಾಡ್ತಾರ? ಪ್ರತಿ ತಿಂಗಳು 1ನೇ ತಾರೀಖಿಗೆ ಪಗಾರ ಬರೋ ಇಬ್ಬರು ಅದಾರಲ್ಲ, ಅವರ ಕಡೆ ತಿರುಗ್ತಾರ. 1872ರ ಕರಾರು ಕಾಯ್ದೆ 128ನೇ ಕಲಂ ಪ್ರಕಾರ ಸಾಲಗಾರನ ಹೊಣಿ ಎಷ್ಟೋ ಜಾಮೀನುದಾರನ ಹೊಣಿನೂ ಅಷ್ಟ. ಮೊದಲು ಅವನ್ನ ಹಿಡೀರಿ, ಆಮ್ಯಾಲ ನಮ್ಮ ಕಡೆ ಬರ್ರಿ ಅನ್ನೋ ಮಾತು ನಡ್ಯಂಗಿಲ್ಲ, ಬ್ಯಾಂಕ್ ಆಫ್ ಬಿಹಾರ್ ಮತ್ತು ದಾಮೋದರ್ ಪ್ರಸಾದ್ ಪ್ರಕರಣದಾಗ ಸುಪ್ರೀಂ ಕೋರ್ಟು 1960ರ ದಶಕದಾಗ ಇದನ್ನ ಬಗಿಹರಿಸಿ ಇಟ್ಟೈತಿ. ಜಾಮೀನು ಅಂದ್ರ ಬರೇ ಪರಿಚಯದ ಸಹಿ ಅಂತ ನಮ್ಮ ಮಂದಿ ತಿಳ್ಕೊಂತಾರಲ್ಲ, ಅದು ಸಂಕಟದ ಬೇರು. ಬ್ಯಾಂಕಿನವರು ಸಹಿ ಮಾಡಿಸ್ಕೊಳ್ಳೋ ಗ್ಯಾರಂಟಿ ಪತ್ರ ಓದಿ ನೋಡ್ರಿ, ಸಣ್ಣ ಅಕ್ಷರದಾಗ ಒಂದು ಸಾಲು ಇರತೈತಿ, ನಮ್ಮನ್ನ ಮೂಲ ಸಾಲಗಾರರಂಗನ ನಡಿಸ್ಕೋಬಹುದು ಅಂತ. ಆ ಸಾಲಿನ ಕೆಳಗ ನಿಮ್ಮ ಯಜಮಾನ್ರ ಸಹಿ ಐತಿ.

ಈಗ ಸಿಸಿ ಲೋನಿಗೆ ಬರ್ತೀನಿ, ಯಾಕಂದ್ರ ಇವತ್ತ ನಿಮ್ಮ ಕೈಯಾಗ ಏನಾದ್ರೂ ಐತಿ ಅಂದ್ರ ಇಲ್ಲೇ ಐತಿ. ಸಿಸಿ ಅಂದ್ರ ತಗಿಯೋದು ತುಂಬೋದು ನಡಕೊಂತ ಇರೋ ಖಾತೆ, ಅದಕ್ಕ ನಿಂತ ಜಾಮೀನಿಗೆ ಕಾಯ್ದೆಯೊಳಗ ನಿರಂತರ ಜಾಮೀನು ಅಂತಾರ, ಮತ್ತ ಅಂಥ ಜಾಮೀನನ್ನ ಮುಂದಿನ ವ್ಯವಹಾರದ ಮಟ್ಟಿಗೆ ಯಾವಾಗ ಬೇಕಾದ್ರೂ ನೋಟಿಸ್ ಕೊಟ್ಟು ವಾಪಸ್ ತಗೋಬಹುದು ಅಂತ ಅದ ಕರಾರು ಕಾಯ್ದೆ 130ನೇ ಕಲಂ ಹೇಳತೈತಿ. ಲಿಮಿಟ್ 12 ಲಕ್ಷ ಇದ್ದು ಇವತ್ತ 9 ಲಕ್ಷ ತಗದಾನ ಅನ್ಕೋರಿ, ಯಜಮಾನ್ರು ಇವತ್ತ ಬ್ಯಾಂಕಿಗೆ ಪತ್ರ ಕೊಟ್ರ ಆ 9 ಲಕ್ಷದ ಹೊಣಿ ಉಳೀತೈತಿ, ಆದ್ರ ನಾಳೆ ಅವ ಕೋರ್ಟಿಗೆ ಹೋಗೋಕಿಂತ ಮುಂಚೆ ಉಳಿದ 3 ಲಕ್ಷನೂ ಬಳಕೊಂಡು ಹೋದ್ರ ಅದು ನಿಮ್ಮ ಕೊಳ್ಳಿಗೆ ಬರಂಗಿಲ್ಲ. ಮುಳುಗಾಕ ಹತ್ತಿದ ಮನಷ್ಯಾ ಕೊನೀ ದಿನದಾಗ ಲಿಮಿಟ್ ಪೂರ್ತಿ ತಗಿಯೋದು ಭಾಳ ಕಡೆ ನೋಡೀನಿ, ಅದು ಅವನ ಕೆಟ್ಟತನ ಅಲ್ಲ, ಕೂಲಿಯವರ ಪಗಾರ, ಪೇಪರಿನವನ ಬಾಕಿ, ಹುಡುಗೂರ ಫೀ ಅಂತ ಎಲ್ಲಾರೂ ಬಾಗಲದಾಗ ನಿಂತಿರ್ತಾರ. ನಿಮ್ಮ ಪತ್ರ ಹೋದ್ರ ಬ್ಯಾಂಕು ಖಾತೆ ನಿಲ್ಲಸಬಹುದು, ಮೈದುನಗ ಸಿಟ್ಟು ಬರತೈತಿ, ಅದಕ್ಕ ಮೊದಲ ಅವಗ ಹೇಳೇ ಪತ್ರ ಕೊಡ್ರಿ. ಕೆಲವು ಗ್ಯಾರಂಟಿ ಪತ್ರದಾಗ ಇಷ್ಟು ದಿನ ಮೊದಲು ನೋಟಿಸ್ ಕೊಡಬೇಕು ಅಂತ ಇರತೈತಿ, ಕೆಲವದರಾಗ ಇಂಥಾ ಹಕ್ಕೆಲ್ಲ ಬಿಟ್ಟುಕೊಟ್ಟೀವಿ ಅಂತನೂ ಬರೆಸ್ಕೊಂಡಿರ್ತಾರ. ಹಂಗಾಗಿ ಮೊದಲನೇ ಕೆಲಸ ಅಂದ್ರ ಬ್ಯಾಂಕಿಗೆ ಹೋಗಿ ಸಾಲ ಮಂಜೂರಾತಿ ಪತ್ರ, ಗ್ಯಾರಂಟಿ ಪತ್ರ, ಇವತ್ತಿನ ಬಾಕಿ ಸ್ಟೇಟ್‌ಮೆಂಟ್ ಮೂರರ ನಕಲು ಕೇಳ್ರಿ, ಬಾಯಿಲೆ ಅಲ್ಲ, ಅರ್ಜಿ ಬರದು ಕೇಳ್ರಿ. ಅದರಾಗ ಇನ್ನೊಂದು ನೋಡ್ರಿ: ಯಜಮಾನ್ರು ಸಹಿ ಮಾಡಿದಾಗ ಇದ್ದ ಲಿಮಿಟ್‌ನ್ನ ಆಮ್ಯಾಲ ಯಜಮಾನ್ರ ಒಪ್ಪಿಗಿ ಇಲ್ಲದ ಏರಿಸ್ಯಾರೇನು ಅಂತ. ಒಪ್ಪಿಗಿ ಇಲ್ಲದ ಷರತ್ತು ಬದಲ ಮಾಡಿದ್ರ ಆಮ್ಯಾಲಿನ ವ್ಯವಹಾರಕ್ಕ ಜಾಮೀನುದಾರ ಹೊಣಿ ಅಲ್ಲ ಅಂತ 133ನೇ ಕಲಂ ಐತಿ, ಗ್ಯಾರಂಟಿ ಪತ್ರದಾಗ ಅದನ್ನ ಬಿಟ್ಟುಕೊಟ್ಟಿರದಿದ್ರ ಅದು ನಿಮ್ಮ ಕೈಗೆ ಸಿಗೋ ದೊಡ್ಡ ಆಧಾರ.

ಎರಡನೇದು, ಸಿಸಿ ಸಾಲಕ್ಕ ಪ್ರೆಸ್ಸಿನ ಮಷಿನ್ನು, ಪೇಪರ್ ಸ್ಟಾಕು ಆಧಾರ ಕೊಟ್ಟಿರ್ತಾರ. 141ನೇ ಕಲಂ ಪ್ರಕಾರ ಆ ಆಧಾರದ ಮ್ಯಾಲ ಜಾಮೀನುದಾರಗೂ ಹಕ್ಕು ಐತಿ, ಬ್ಯಾಂಕು ಅದನ್ನ ಜಾಮೀನುದಾರನ ಒಪ್ಪಿಗಿ ಇಲ್ಲದ ಬಿಟ್ಟುಕೊಟ್ರ ಇಲ್ಲಾ ಕಳಕೊಂಡ್ರ, ಅದರ ಬೆಲಿ ಎಷ್ಟೋ ಅಷ್ಟು ಜಾಮೀನುದಾರನ ಹೊಣಿ ಕಡಿಮಿ ಆಗತೈತಿ. ಬ್ಯಾಡಗಿ ಕಡೆ ಒಬ್ಬ ಮೆಣಸಿನಕಾಯಿ ವ್ಯಾಪಾರಸ್ಥರಿಗೆ ಅವರ ಸ್ವಾದರಮಾವ ಜಾಮೀನು ನಿಂತಿದ್ದ ಪ್ರಕರಣ ನಾನು ನಡಿಸೀನಿ. ಕೋಲ್ಡ್ ಸ್ಟೋರೇಜ್‌ನಾಗ ಇಟ್ಟಿದ್ದ ಚೀಲದ ರಸೀದಿ ಬ್ಯಾಂಕಿನ ಕಡೆ ಇದ್ವು, ಆದ್ರೂ ಚೀಲ ರಾತ್ರೋರಾತ್ರಿ ಹೊರಗ ಹೋಗಾಕ ಹತ್ತಿದ್ವು. ಆ ಮಾವ ಅಂಥ ಓದಿದಾವೇನಲ್ಲ, ಆದ್ರ ಒಂದು ಬಿಳಿ ಹಾಳ್ಯಾಗ ನಾಕ ಸಾಲು ಬರದು ಬ್ಯಾಂಕಿಗೆ ಕೊಟ್ಟು, ಇನ್ನೊಂದು ಪ್ರತಿ ಮ್ಯಾಲ ತಾರೀಖು ಹಾಕಿ ಸೀಲು ಹೊಡಿಸ್ಕೊಂಡು ಬಂದಿದ್ದ. ಬ್ಯಾಂಕು ಏನೂ ಮಾಡಲಿಲ್ಲ. ಮುಂದ ಕೋರ್ಟಿನಾಗ ನನ್ನ ವಾದಕ್ಕಿಂತ ಆ ಸೀಲಿನ ಹಾಳಿನ ಜಾಸ್ತಿ ಕೆಲಸ ಮಾಡ್ತು, ಹೋದ ಚೀಲದ ಕಿಮ್ಮತ್ತು ಅವನ ಲೆಕ್ಕದಾಗಿಂದ ಹೋತು. ನಿಮ್ಮ ಮೈದುನನ ಪ್ರೆಸ್ಸಿನ ಆಫ್‌ಸೆಟ್ ಮಷಿನ್ನಿಗೆ ಗಿರಾಕಿ ಬಂದು ನೋಡಿ ಹೋಗ್ಯಾರ ಅಂತ ಸುದ್ದಿ ಬಂದ್ರ ಅವತ್ತ ಬ್ಯಾಂಕಿಗೆ ಬರಹದಾಗ ತಿಳಸ್ರಿ.

ಯಜಮಾನ್ರ ಕೂಡ ಸಹಿ ಮಾಡಿದ ಆ ಗೆಳೆಯನ್ನ ಮರೀಬ್ಯಾಡ್ರಿ. ಬ್ಯಾಂಕು ಪೂರ್ತಿ ರೊಕ್ಕ ನಿಮ್ಮಿಂದ ವಸೂಲು ಮಾಡಿದ್ರ ಅರ್ಧ ಆ ಗೆಳೆಯ ಕೊಡಬೇಕು, 146ನೇ ಕಲಂ. ಬ್ಯಾಂಕಿನವರು ಅವನ್ನ ಬಿಟ್ಟುಕೊಟ್ರೂ ನಿಮ್ಮ ಹೊಣಿ ಹೋಗಂಗಿಲ್ಲ, ಅವ ನಿಮಗ ಕೊಡಬೇಕಾದ್ದೂ ಹೋಗಂಗಿಲ್ಲ. ಈಗಿಂದ ಅವನ ಕೂಡ ಮಾತಾಡ್ರಿ, ಇಬ್ಬರೂ ಕೂಡೇ ಬ್ಯಾಂಕಿಗೆ ಹೋಗ್ರಿ, ಒಬ್ಬೊಬ್ಬರ ಹೋದ್ರ ಪಗಾರದಾರನ್ನ ಹಿಡಿಯೋದು ಅವರಿಗೆ ಸಸಾರ.

ಸಹಕಾರಿ ಸಂಘದ ಸಾಲಕ್ಕ ಜಾಮೀನು ನಿಮ್ಮದು, ಇಲ್ಲಿ ನಾನು ನಿಮಗ ಸಮಾಧಾನ ಹೇಳಾಕ ಆಗಂಗಿಲ್ಲ. 1905ರಾಗ ನಿಮ್ಮ ಗದಗ ಮಗ್ಗಲಿನ ಕಣಗಿನಹಾಳದಾಗ ಸಿದ್ದನಗೌಡ ಪಾಟೀಲರು ದೇಶದ ಮೊದಲನೇದು ಅಂತ ಹೆಸರಾದ ಸಹಕಾರ ಸಂಘ ಕಟ್ಟಿದಾಗಿಂದ ನಮ್ಮ ಕಡೆ ಸೊಸೈಟಿ ಸಾಲ ನಡದದ್ದ ಒಬ್ಬರ ಬೆನ್ನಿಗೆ ಒಬ್ಬರು ನಿಲ್ಲೋ ನಂಬಿಕಿ ಮ್ಯಾಲ, ಅದರ ಮ್ಯಾಲ ನನಗ ಭಾಳ ಗೌರವ ಐತಿ, ಎಷ್ಟೋ ಮನಿ ಅದರಿಂದ ಎದ್ದಾವ. ಆದ್ರ ಸೊಸೈಟಿಗೆ ಕೈ ಉದ್ದ ಐತಿ ಅನ್ನೋದೂ ತಿಳದಿರಲಿ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ ಪ್ರಕಾರ ನೀವು ಪಗಾರದಾಗ ಹಿಡೀರಿ ಅಂತ ಒಪ್ಪಿಗಿ ಪತ್ರ ಬರಕೊಟ್ಟಿದ್ರ ಸಂಘದವರು ನಿಮ್ಮ ಬಟವಾಡೆ ಅಧಿಕಾರಿಗೆ ಬರದು ನೇರ ಪಗಾರದಾಗಿಂದ ಕಡಿತ ಮಾಡಿಸಬಹುದು, ಅದಕ್ಕ ಸಿವಿಲ್ ಕೋರ್ಟು ಹತ್ತೋ ಜರೂರಿ ಇಲ್ಲ. ಒಪ್ಪಿಗಿ ಪತ್ರ ಇಲ್ಲಂದ್ರ ಸಹಕಾರ ಇಲಾಖೆ ಮುಂದ ದಾವೆ ಹೂಡಿ ಅವಾರ್ಡ್ (ತೀರ್ಪು) ತಗೊಂಡು ಜಪ್ತಿಗೆ ಬರ್ತಾರ.

ಕೋರ್ಟಿನ ಡಿಕ್ರಿ ಮ್ಯಾಲ ಪಗಾರ ಜಪ್ತಿ ಆದ್ರ ಮಾತ್ರ ಮಿತಿ ಐತ್ರಿ, ಸಿವಿಲ್ ಪ್ರಕ್ರಿಯಾ ಸಂಹಿತೆ 60ನೇ ಕಲಂ. ಮೊದಲನೇ 1,000 ರೂಪಾಯಿ ಮತ್ತ ಉಳಿದದ್ದರ ಮೂರರಾಗ ಎರಡು ಪಾಲು ಮುಟ್ಟಂಗಿಲ್ಲ. ಲೆಕ್ಕಕ್ಕ ಬರೋ ಪಗಾರ 46,000 ಅನ್ಕೊಂಡ್ರ 1,000 ತಗದು ಉಳಿದ 45,000ದಾಗ 15,000 ಅಷ್ಟ ಹಿಡೀಬಹುದು. ಒಂದ ಡಿಕ್ರಿಗೆ ಒಟ್ಟು 24 ತಿಂಗಳು ಹಿಡದಾದ ಮ್ಯಾಲ ಅದ ಡಿಕ್ರಿಗೆ ಮತ್ತ ಪಗಾರ ಹಿಡಿಯಾಕ ಬರಂಗಿಲ್ಲ. ನಿಮ್ಮ ಪಿಎಫ್, ಗ್ರಾಚ್ಯುಟಿ, ಪಿಂಚಣಿ, ಜೀವ ವಿಮೆ ರೊಕ್ಕ ಜಪ್ತಿಗೆ ಬರಂಗಿಲ್ಲ, ಕೊಳ್ಳಾಗಿನ ತಾಳಿನೂ ಅಷ್ಟ. ಸೊಸೈಟಿಯವರು ಬಂದು ಹೆದರಿಸಿದಾಗ ಪಿಎಫ್ ಅಡ್ವಾನ್ಸ್ ತಗದು ಒಂದೇ ಏಟಿಗೆ ಕಟ್ಟಿ ಕೈ ಬರಿದು ಮಾಡ್ಕೊಂಡ ಟೀಚರ್‌ಗಳನ್ನ ನಾನು ನೋಡೀನಿ, ಕಾಯ್ದೆ ಕಾದಿಟ್ಟ ರೊಕ್ಕ ಅದು, ಅದಕ್ಕ ಕೈ ಹಾಕೋಕಿಂತ ಮೊದಲು ಸಂಘದ ಕೂಡ ಕುಂತು ಕಂತು ಮಾಡಿಸ್ಕೊರಿ. ಇನ್ನ ನೀವೂ ಪಾಪರ್ ಚೀಟಿ ತಗೊಂಡ್ರ ಹೆಂಗ ಅಂತ ಯಾರರೆ ತಲ್ಯಾಗ ಹಾಕಿದ್ರ ಆ ಮಾತಿಗೆ ಕಿವಿಗೊಡಬ್ಯಾಡ್ರಿ, ಸರ್ಕಾರಿ ನೌಕರರ ನಡತೆ ನಿಯಮದಾಗ ದಿವಾಳಿ ಮತ್ತ ಸಾಲ ವಸೂಲಿ ಪ್ರಕರಣದ ಬಗ್ಗೆ ಇಲಾಖೆಗೆ ತಿಳಿಸಬೇಕು ಅಂತ ಐತಿ, ನೌಕರಿಗೆ ಅದು ಛಲೋ ಅಲ್ಲ.

ಹೌಸಿಂಗ್ ಲೋನಿನಾಗ ಯಜಮಾನ್ರು ಜಾಮೀನುದಾರರಲ್ಲ, ಸಾಲಗಾರರ ಅದಾರ. ಇಬ್ಬರೂ ಕೂಡಿ ಸಹಿ ಮಾಡಿದ ಸಾಲನ್ನ ಬ್ಯಾಂಕು ಯಾರ ಒಬ್ಬರಿಂದಾದ್ರೂ ಪೂರ್ತಿ ಕೇಳಬಹುದು. ಮನಿ ಅಡಮಾನ ಇರೋದ್ರಿಂದ ಆ ಬ್ಯಾಂಕು ದಿವಾಳಿ ಕೋರ್ಟಿನ ಗೊಡವಿಗೆ ಬರಬೇಕಾಗಿನೂ ಇಲ್ಲ, ಅದರ ಹಕ್ಕು ಹೊರಗ ಹಂಗ ಇರತೈತಿ. ಕಂತು 90 ದಿನ ನಿಂತ್ರ ಕೆಟ್ಟ ಸಾಲ ಅಂದ್ರ ಎನ್‌ಪಿಎ, ಆಮ್ಯಾಲ ಕೋರ್ಟಿಗೆ ಹೋಗದನ ಅಡಮಾನದ ಆಸ್ತಿ ಹಿಡಿಯಾಕ ಬ್ಯಾಂಕಿಗೆ ಅಧಿಕಾರ ಕೊಡೋ 2002ರ ಸರ್ಫೇಸಿ ಕಾಯ್ದೆ ಕೆಳಗ 60 ದಿನದ ನೋಟಿಸು, ಆಮ್ಯಾಲ ಮನಿಗೆ ಬರ್ತಾರ. ಹಂಗಾಗಿ ಬ್ಯಾರೆ ಎಲ್ಲಾ ಸಾಲದ ಕಂತು ಹಿಂದ ಮುಂದ ಆದ್ರೂ ಈ ಕಂತು ನಿಲ್ಲಿಸಬ್ಯಾಡ್ರಿ, ಮೈದುನ ಅವನ ಪಾಲು ಕೊಡದಿದ್ರೂ ಸಾಧ್ಯ ಇದ್ರ ನೀವ ಪೂರ್ತಿ ಕಟ್ರಿ, ಆದ್ರ ನಗದ ಕಟ್ಟಬ್ಯಾಡ್ರಿ, ಯಜಮಾನ್ರ ಸ್ವಂತ ಅಕೌಂಟಿನಿಂದ ಕಟ್ರಿ. ಯಾಕಂದ್ರ ಕೂಡಿ ಅಡಮಾನ ಇಟ್ಟವರೊಳಗ ಒಬ್ಬರು ಪೂರ್ತಿ ಸಾಲ ತೀರಿಸಿದ್ರ ಇನ್ನೊಬ್ಬರ ಪಾಲಿನ ಮ್ಯಾಲ ಬ್ಯಾಂಕಿಗೆ ಇದ್ದ ಹಕ್ಕು ತೀರಿಸಿದವರಿಗೆ ಬರತೈತಿ, ನಾಳೆ ರಿಸೀವರ್ ಮುಂದ ನಿಂತು ಇವನ ಪಾಲಿನ ಮ್ಯಾಲ ನನ್ನ ರೊಕ್ಕ ಐತಿ ಅನ್ನಾಕ ಪಾಸ್‌ಬುಕ್ಕಿನ ಆ ಎಂಟ್ರಿಗಳ ಬೇಕು.

ಮನಿಯಾಗ ಮೈದುನನ ಅರ್ಧ ಪಾಲು ರಿಸೀವರ್‌ಗೆ ಹೋಗತೈತಿ. ನಿಮ್ಮ ಅರ್ಧಕ್ಕ ಅವ ಕೈ ಹಾಕಂಗಿಲ್ಲ. ಪಾಲು ಮಾರಿದ್ರ ಹೊರಗಿನವ ಯಾವನೋ ತಗೊಂಡು ಬಂದು ಅಂಗಳದಾಗ ನಿಂತ್ರ ಹೆಂಗ ಅನ್ನೋದು ನಿಮ್ಮ ಹೆದರಿಕಿ ಇರತೈತಿ. ಅದಕ್ಕ 1893ರ ವಿಭಜನೆ ಕಾಯ್ದೆ 4ನೇ ಕಲಂ ಐತಿ, ಒಡೆಯದ ಕುಟುಂಬದ ವಾಸದ ಮನಿ ಪಾಲನ್ನ ಹೊರಗಿನವ ಕೊಂಡು ವಾಟ್ನಿ ದಾವೆ ಹಾಕಿದ್ರ, ಮನಿಯವರು ಕೋರ್ಟು ಕಟ್ಟಿದ ಬೆಲಿಗೆ ಆ ಪಾಲನ್ನ ತಾವ ಕೊಳ್ಳಾಕ ಹಕ್ಕು ಕೇಳಬಹುದು. ಅದಕ್ಕಿಂತ ಮೊದಲ ರಿಸೀವರ್ ಮಾರಾಟಕ್ಕ ಇಟ್ಟಾಗ ನೀವ ಕೇಳಿ ತಗೊಳ್ಳೋದು ಇನ್ನೂ ಸಲೀಸು.

ಇಲ್ಲೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಈಗ ಮನಿಯಾಗ ಯಾರಾದ್ರೂ ಹಿರೇರು ಕುಂತು, ಅರ್ಜಿ ಹಾಕೋಕಿಂತ ಮೊದಲು ಮೈದುನನ ಪಾಲು ಅಣ್ಣನ ಹೆಸರಿಗೆ ಬಕ್ಷೀಸ್ ಪತ್ರ ಮಾಡಿಬಿಡ್ರಿ ಅಂತ ಹೇಳೇ ಹೇಳ್ತಾರ. ಮಾಡಬ್ಯಾಡ್ರಿ. ದಿವಾಳಿ ಅರ್ಜಿಗಿಂತ ಹಿಂದಿನ 2 ವರ್ಷದೊಳಗ ಸರಿಯಾದ ಬೆಲಿ ಇಲ್ಲದ ಮಾಡಿದ ವರ್ಗಾವಣೆನ ಕೋರ್ಟು ರದ್ದು ಮಾಡಬಹುದು, ದಿವಾಳಿ ಕಾಯ್ದೆ 53ನೇ ಕಲಂ. ಹಂಗ ಅರ್ಜಿಗಿಂತ ಹಿಂದಿನ 3 ತಿಂಗಳೊಳಗ ಬ್ಯಾರೆ ಸಾಲ ಕೊಟ್ಟವರನ್ನ ಬಿಟ್ಟು ತನಗ ಬೇಕಾದವರಿಗಷ್ಟ ರೊಕ್ಕ ಕೊಟ್ಟಿದ್ದೂ ರದ್ದಾಗತೈತಿ, 54ನೇ ಕಲಂ. ಆಸ್ತಿನೂ ಉಳ್ಯಂಗಿಲ್ಲ, ಮ್ಯಾಲಿಂದ ಕೋರ್ಟಿನ ಕಣ್ಣಾಗ ಅಣ್ಣ ತಮ್ಮ ಇಬ್ಬರೂ ಕೂಡಿ ಮೋಸ ಮಾಡ್ಯಾರ ಅಂತ ಆಗತೈತಿ, ಮೈದುನನ ಋಣಮುಕ್ತಿಗೂ ಅದು ಅಡ್ಡ ಬರತೈತಿ. ಋಣಮುಕ್ತಿ ಸುಮ್ಮನ ಸಿಗೋದಲ್ಲ, ಅವ ಬ್ಯಾರೆ ಅರ್ಜಿ ಹಾಕಬೇಕು, ಅವನ ಆಸ್ತಿ ರೂಪಾಯಿಗೆ 50 ಪೈಸೆನೂ ಮುಟ್ಟದಿದ್ರ ಯಾಕ ಹಿಂಗಾತು ಅಂತ ಕೋರ್ಟು ಕೇಳತೈತಿ, ಅವನ ಲೆಕ್ಕದ ಪುಸ್ತಕ ನೋಡತೈತಿ.

ಅತ್ತಿಯವರ ಹೊಲ ಅವರ ಸ್ವಂತದ್ದಾಗಿದ್ರ ಅವರು ಇರೋತನಕ ಅದರಾಗ ಮಕ್ಕಳಿಗೆ ಪಾಲ ಇಲ್ಲ, ರಿಸೀವರ್ ಮುಟ್ಟಂಗಿಲ್ಲ. ಆದ್ರ ಮೈದುನಗ ಋಣಮುಕ್ತಿ ಸಿಗೋದ್ರೊಳಗ ಅತ್ತಿಯವರು ತೀರಿಕೊಂಡ್ರ ಅವಗ ಬರೋ ಪಾಲು ನೇರ ರಿಸೀವರ್ ಕೈಗೆ ಹೋಗತೈತಿ, ದಿವಾಳಿ ಕಾಯ್ದೆ 28ನೇ ಕಲಂ ಹಂಗ ಹೇಳತೈತಿ. ಅವರು ತಮ್ಮ ಸ್ವಂತ ಆಸ್ತಿಗೆ ಮೃತ್ಯುಪತ್ರ ಬರದಿಡಬಹುದು, ಸೊಸಿಗೋ ಮೊಮ್ಮಕ್ಕಳಿಗೋ, ಅದರಾಗ ತಪ್ಪೇನಿಲ್ಲ. ಹಿರೇರ ಮುಂದ ಇಂಥ ಮಾತು ತಗಿಯೋದು ಕಷ್ಟ ಅಂತ ಗೊತ್ತೈತಿ, ಆದ್ರ ಮಗನ ಹುಡುಗೂರ ಸಲುವಾಗಿ ಅಂತ ಹೇಳಿದ್ರ ಅವರಿಗೆ ತಿಳೀತೈತಿ.

ಆ ಕಟಿಂಗ್ ಮಷಿನ್ ಬಗ್ಗೆ ನೀವು ಒಂದ ಸಾಲು ಬರದೀರಿ, ನನಗ ಅದ ಚಿಂತಿ ಹಚ್ಚೇತಿ. ಅದ ಕಾಯ್ದೆ 28ನೇ ಕಲಮಿನಾಗ ಹೇಳ್ಯಾರ, ದಿವಾಳಿ ಅರ್ಜಿ ಹಾಕಿದ ದಿನ ಅವನ ವ್ಯಾಪಾರದ ಜಾಗದಾಗ, ಅವನ ಸ್ವಾಧೀನದಾಗ, ನಿಜವಾದ ಮಾಲಕನ ಒಪ್ಪಿಗಿಯಿಂದ ಇರೋ ಸಾಮಾನು, ನೋಡಿದವರು ಇದು ಅವನದ ಅಂತ ತಿಳಿಯೋ ಹಂಗಿದ್ರ, ಅದು ಅವನದ ಅಂತ ಲೆಕ್ಕ. ಪ್ರೆಸ್ಸಿನಾಗ ಕುಂತ ಮಷಿನ್ ನೋಡಿ ಯಾರರೆ ಇದು ಅಣ್ಣಂದು ಅಂತಾರೇನ್ರಿ? ಬಿಲ್ಲು ಯಾರ ಹೆಸರಿಲೇ ಐತಿ ನೋಡ್ರಿ. ಯಜಮಾನ್ರ ಹೆಸರಿಲೇ ಇದ್ದು, ಬ್ಯಾಂಕಿಗೆ ಕೊಟ್ಟ ಆಧಾರದ ಪಟ್ಟಿಯಾಗ ಅದು ಇಲ್ಲಾಂದ್ರ, ಅರ್ಜಿ ಹಾಕೋ ಮೊದಲ ವಾಪಸ್ ತಂದು ಮನಿಯಾಗ ಇಡ್ರಿ, ತಂದದ್ದಕ್ಕ ಚೀಟಿ ಮಾಡ್ರಿ. ಪಟ್ಟಿಯಾಗ ಇದ್ರ ಮುಟ್ಟಬ್ಯಾಡ್ರಿ, ಅದು ಬ್ಯಾಂಕಿನ ಆಧಾರ, ಆಗ ಬರೇ ಬಿಲ್ಲು ತೋರಿಸಿ ಬ್ಯಾಂಕಿಗೆ ತಕರಾರು ಪತ್ರ ಕೊಡ್ರಿ.

ಜಾಯಿಂಟ್ ಅಕೌಂಟ್ ಎರಡು ಇರಬಹುದು ನಿಮ್ಮನ್ಯಾಗ. ಅಣ್ಣ ತಮ್ಮಂದಿರದ್ದು, ಬಾಡಿಗಿ ಬೀಳೋದು, ಅಂಥದ್ದು ಇದ್ರ ಈಗ ಮುಚ್ಚಿ ಬಾಡಿಗಿ ಕರಾರಿನ ಪ್ರಕಾರ ಅವರವರ ಪಾಲು ಅವರವರ ಖಾತೆಗೆ ಹಾಕಿಸ್ರಿ, ರಿಸೀವರ್ ನೋಟಿಸ್ ಬಂದ್ಮ್ಯಾಲ ಬ್ಯಾಂಕಿನವರು ಪೂರ್ತಿ ಖಾತೆ ಹಿಡದು ಕುಂತ್ರ ನಿಮ್ಮ ಪಾಲು ಬಿಡಿಸ್ಕೊಳ್ಳಾಕ ತಿಂಗಳಾನುಗಟ್ಟಲೆ ಓಡಾಡಬೇಕು. ಇನ್ನೊಂದು ಗಂಡ ಹೆಂಡತಿದು. ಯಜಮಾನ್ರು ಜಾಮೀನು ನಿಂತ ಬ್ಯಾಂಕಿನಾಗ ಅದು ಇದ್ರ, ಇಬ್ಬರ ಹೆಸರಿನ ಖಾತೆಯಾಗಿನ ರೊಕ್ಕನ ಒಬ್ಬರ ಸಾಲಕ್ಕ ಮುರಕೊಳ್ಳಾಕ ಸಾಮಾನ್ಯವಾಗಿ ಬರಂಗಿಲ್ಲ ಖರೇ, ಆದ್ರ ಹೋಲ್ಡ್ ಹಾಕಿಬಿಟ್ರ ಹುಡುಗೂರ ಫೀ ಕಟ್ಟೋ ದಿನ ಎಟಿಎಂ ಮುಂದ ನಿಂತು ಯಾರ ಕೂಡ ವಾದ ಮಾಡ್ತೀರಿ? ನಿಮ್ಮ ಪಗಾರ ಬ್ಯಾರೆ ಬ್ಯಾಂಕಿನಾಗ ನಿಮ್ಮೊಬ್ಬರ ಹೆಸರಿನ ಖಾತೆಗೆ ಹಾಕಿಸ್ಕೊರಿ, ಅದು ನಿಮ್ಮ ದುಡಿಕಿ, ಕಾಯ್ದೆಯಿಂದ ಅಡ್ಡಿ ಇಲ್ಲ. ಸಿಸಿ ಸಾಲಕ್ಕ ನೀವು ಸಹಿ ಮಾಡಿಲ್ಲ ಅಂದ್ಮ್ಯಾಲ ಗಂಡನ ಜಾಮೀನಿಗೆ ಹೆಂಡತಿ ಹೊಣಿ ಅಲ್ಲ, ನಿಮ್ಮ ಬಂಗಾರ, ನಿಮ್ಮ ಪಗಾರ ಆ ಬ್ಯಾಂಕಿಗೆ ಸಂಬಂಧ ಇಲ್ಲ. ಈಗ ರಿನ್ಯೂವಲ್ ಸಲುವಾಗಿ ಮೇಡಂ ಅವರದೂ ಒಂದು ಸಹಿ ಇರಲಿ ಅಂತ ಬ್ಯಾಂಕಿನವರು ಫೋನ್ ಮಾಡಬಹುದು. ಹಾಕಬ್ಯಾಡ್ರಿ. ಯಜಮಾನ್ರೂ ಬಾಕಿ ಒಪ್ಪಿಗಿ ಪತ್ರ ಅಂತ ತಂದಿದ್ದಕ್ಕ ಓದದ ಸಹಿ ಹಾಕಬ್ಯಾಡ್ರಿ, ಅಂಥ ಒಂದೊಂದು ಸಹಿಗೂ ವಾಯಿದೆ ಹೊಸದಾಗಿ 3 ವರ್ಷ ಶುರು ಆಗತೈತಿ.

ಜಾಮೀನಿನ ಟೈಮಿನಾಗ ಖಾಲಿ ಚೆಕ್ ಕೊಟ್ಟಿದ್ರ ಹೇಳ್ರಿ, ನೀವು ಬರದಿಲ್ಲ ಆದ್ರ ಭಾಳ ಮಂದಿ ಕೊಟ್ಟಿರ್ತಾರ. ಜಾಮೀನುದಾರನ ಚೆಕ್ ಬೌನ್ಸ್ ಆದ್ರೂ ಚೆಕ್ಕಿನ ಕಾಯ್ದೆ (ನೆಗೋಷಿಯೇಬಲ್ ಇನ್ಸ್ಟ್ರುಮೆಂಟ್ಸ್ ಕಾಯ್ದೆ) 138ನೇ ಕಲಂ ಕೇಸು ನಡೀತೈತಿ ಅಂತ ಸುಪ್ರೀಂ ಕೋರ್ಟು 2002ರಾಗ ಹೇಳೈತಿ, ಮೈದುನನ ದಿವಾಳಿಯಿಂದ ಆ ಕೇಸು ನಿಲ್ಲಂಗಿಲ್ಲ.

ಸಿಬಿಲ್, ಅಂದ್ರ ನಿಮ್ಮ ಸಾಲದ ದಾಖಲಿ, ಅದರ ಬಗ್ಗೆ ಜಾಸ್ತಿ ಹೇಳೋದಿಲ್ಲ. ಜಾಮೀನು ನಿಂತ ಸಾಲ, ಕೂಡಿ ಮಾಡಿದ ಸಾಲ ಎರಡೂ ನಿಮ್ಮ ರಿಪೋರ್ಟಿನಾಗ ಬರ್ತಾವ, ಅಲ್ಲಿ ಬಾಕಿ ಬಿದ್ರ ನಿಮ್ಮ ಸ್ಕೋರ್ ಇಳೀತೈತಿ. ವರ್ಷಕ್ಕ ಒಂದು ಪೂರ್ತಿ ರಿಪೋರ್ಟ್ ಪುಕ್ಕಟೆ ಸಿಗತೈತಿ, ತಗದು ನೋಡ್ರಿ, ನಿಮಗ ಗೊತ್ತಿಲ್ಲದ ಇನ್ಯಾವದಕ್ಕರೆ ನಿಮ್ಮ ಹೆಸರು ಸೇರೇತೇನು ಅಂತ.

ಈಗ ಮೈದುನ ಏನ ಆದ್ರೂ ಅರ್ಜಿ ಹಾಕೇ ಹಾಕ್ತಾನ ಅಂದ್ರ, ಅವಗ ಸಾಲ ಕೊಟ್ಟವರ ಪಟ್ಟಿಯಾಗ ನಿಮ್ಮಿಬ್ಬರ ಹೆಸರೂ ಇರಬೇಕು. ಇದನ್ನ ಮನಿಯವರು ಅಂತ ಬಿಟ್ಟುಬಿಡ್ತಾರ, ಅಲ್ಲೇ ಹೊಡತ ಬೀಳೋದು. ನೀವು ಇನ್ನೂ ಒಂದ ಪೈಸೆ ಕಟ್ಟಿರದಿದ್ರೂ ಮುಂದ ಕಟ್ಟಬೇಕಾಗೋ ಹೊಣಿನೂ ದಿವಾಳಿಯಾಗ ಸಾಬೀತು ಮಾಡಬಹುದಾದ ಸಾಲ, ದಿವಾಳಿ ಕಾಯ್ದೆ 34ನೇ ಕಲಂ. ಜಾಮೀನುದಾರ ಕಟ್ಟಿದ ರೊಕ್ಕ ಮೂಲ ಸಾಲಗಾರ ವಾಪಸ್ ಕೊಡಬೇಕು ಅನ್ನೋ ಹಕ್ಕು ನಿಮಗ ಕರಾರು ಕಾಯ್ದೆ 145ರಾಗ ಐತಿ, ಆದ್ರ ದಿವಾಳಿಯಾಗ ಹೇಳಿಕೊಳ್ಳಬಹುದಾಗಿದ್ದ ಹಕ್ಕನ್ನ ಆಗ ಹೇಳದ ಕುಂತು, ಅವಗ ಋಣಮುಕ್ತಿ ಸಿಕ್ಕಮ್ಯಾಲ ಕೇಳಾಕ ಹೋದ್ರ ಬಾಗಲ ಮುಚ್ಚಿರತೈತಿ. ಒಂದ ಸಾಲಕ್ಕ ಬ್ಯಾಂಕೂ ನೀವೂ ಇಬ್ಬರೂ ಪಾಲು ತಗೊಳ್ಳಾಕ ಬರಂಗಿಲ್ಲ, ಬ್ಯಾಂಕಿಗೆ ನೀವು ಎಷ್ಟು ಕಟ್ಟೀರಿ ಅದರ ಲೆಕ್ಕದಾಗ ನಿಮ್ಮ ಪಾಲು ಬರತೈತಿ, ಅದಕ್ಕ ಕಟ್ಟಿದ ಪ್ರತಿ ರಸೀದಿ ಕಾದಿಡ್ರಿ.

ನನ್ನ ಮನಸಿನ ಮಾತು ಕೇಳಿದ್ರ, ನಿಮ್ಮ ಮೈದುನಗ ಪಾಪರ್ ಚೀಟಿ ಬ್ಯಾಡ. ಅವನ ಸಾಲದೊಳಗ ದೊಡ್ಡದು ಮೂರೂ ನಿಮ್ಮ ಮನಿಯವರ ಸಹಿ ಮ್ಯಾಲ ನಿಂತಾವ, ಹಂಗಿದ್ದಾಗ ದಿವಾಳಿಯಿಂದ ಅವಗ ಸಿಗೋದು ಸ್ವಲ್ಪ, ನೀವು ಕಳಕೊಳ್ಳೋದು ಭಾಳ, ಮನಿಯ ಅರ್ಧ ಪಾಲು ಸುದ್ದಾ ಹೋಗತೈತಿ. ಅವ ಈ ದಾರಿ ಹಿಡಿಯೋದು ಜೇಲಿಗೆ ಹಾಕ್ತಾರ ಅನ್ನೋ ಅಂಜಿಕಿಗೆ ಇದ್ರ, ರೊಕ್ಕ ಇಲ್ಲದ ಕಟ್ಟಾಕ ಆಗದವನ್ನ ಬರೇ ಅದಕ್ಕ ಸಿವಿಲ್ ಜೇಲಿಗೆ ಹಾಕಂಗಿಲ್ಲ ಅಂತ 1980ರಾಗ ಸುಪ್ರೀಂ ಕೋರ್ಟು ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಾಗ ಹೇಳೈತಿ, ಅವಗ ಇದನ್ನ ತಿಳಿಸಿ ಹೇಳ್ರಿ. ವಸೂಲಿ ಏಜಂಟರ ಕಾಟಕ್ಕ ಇದ್ರ, ಮುಂಜಾನೆ 8ರಿಂದ ಸಂಜೀ 7ರ ಹೊರಗ ಅವರು ಫೋನ್ ಮಾಡಂಗಿಲ್ಲ ಅಂತ ರಿಸರ್ವ್ ಬ್ಯಾಂಕಿನ ನಿಯಮ ಐತಿ, ಬ್ಯಾಂಕಿಗೆ ದೂರು ಬರೀರಿ, 30 ದಿನದಾಗ ಉತ್ತರ ಬರದಿದ್ರ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗ್ರಿ, ಖರ್ಚಿಲ್ಲ.

ಅದರ ಬದಲಿ ಮೈದುನ, ನೀವಿಬ್ಬರು, ಆ ಗೆಳೆಯ, ಎಲ್ಲಾರೂ ಕೂಡೇ ಬ್ಯಾಂಕಿಗೆ ಹೋಗಿ ಓಟಿಎಸ್ (ಬಾಕಿಗೆ ಒಂದು ಮೊತ್ತ ಗೊತ್ತು ಮಾಡ್ಕೊಂಡು ಸಾಲ ಮುಗಿಸೋ ಒಪ್ಪಂದ) ಕೇಳ್ರಿ. ಮಷಿನ್ನು ಸ್ಟಾಕು ಬ್ಯಾಂಕಿನ ಒಪ್ಪಿಗಿಯಿಂದ ಮಾರಿ ಬಂದಿದ್ದನ್ನ ತುಂಬಿ, ಉಳಿದದ್ದಕ್ಕ ಕಂತು ಕೇಳ್ರಿ. ಒಪ್ಪಂದ ಆದ್ರ ಆ ಪತ್ರದಾಗ ಜಾಮೀನುದಾರರಿಬ್ಬರ ಹೆಸರು ಬರದು ಅವರೂ ಬಿಡುಗಡೆ ಅಂತ ಇರಲೇಬೇಕು, ಗ್ಯಾರಂಟಿ ಪತ್ರದ ಷರತ್ತು ತೋರಿಸಿ, ಸಾಲಗಾರಂದು ಮುಗೀತು ನಿಮ್ಮದು ಬಾಕಿ ಐತಿ ಅಂತ ಆಮ್ಯಾಲ ಬಂದದ್ದೂ ಐತಿ. ಕೇಸು ಆಗಲೇ ಕೋರ್ಟಿನಾಗ ಇದ್ರ ಲೋಕ ಅದಾಲತ್ತಿನಾಗ ಕುಂದರಬಹುದು, ಅಲ್ಲಿ ಬಡ್ಡಿ ಬಿಡಿಸ್ಕೊಳ್ಳೋ ಮಾತಿಗೆ ಜಾಗ ಇರತೈತಿ.

ವಕೀಲರ ಫೀ ಚಿಂತಿ ಬ್ಯಾಡ. ಹೆಣ್ಣಮಕ್ಕಳಿಗೆ ಆದಾಯ ಎಷ್ಟ ಇರಲಿ, ಕಾನೂನು ಸೇವಾ ಪ್ರಾಧಿಕಾರದಾಗ ಪುಕ್ಕಟೆ ವಕೀಲರು ಸಿಗ್ತಾರ, ಗದಗ ಜಿಲ್ಲಾ ಕೋರ್ಟಿನ ಆವಾರದಾಗ ಕೇಳ್ರಿ, ನಿಮ್ಮ ಹೆಸರಿಲೇ ಅರ್ಜಿ ಕೊಡ್ರಿ. ಹೋಗೋ ಮುಂದ ಗ್ಯಾರಂಟಿ ಪತ್ರದ ನಕಲು, ಸೊಸೈಟಿಗೆ ಕೊಟ್ಟ ಒಪ್ಪಿಗಿ ಪತ್ರ, ಮನಿ ಉತಾರ, ಹೌಸಿಂಗ್ ಲೋನ್ ಸ್ಟೇಟ್‌ಮೆಂಟ್, ಕಟಿಂಗ್ ಮಷಿನ್ ಬಿಲ್ಲು ತಗೊಂಡು ಹೋಗ್ರಿ. ಸಿಸಿ ಜಾಮೀನು ವಾಪಸ್ ತಗೊಳ್ಳೋ ಪತ್ರಕ್ಕ ಮಾತ್ರ ಇದ್ಯಾವದರ ಸಲುವಾಗಿನೂ ಕಾಯಬ್ಯಾಡ್ರಿ, ಮೈದುನಗ ತಿಳಿಸಿ ನಾಳೇನ ಬ್ಯಾಂಕಿಗೆ ಕೊಡ್ರಿ, ಇನ್ನೊಂದು ಪ್ರತಿ ಮ್ಯಾಲ ತಾರೀಖು ಸಮೇತ ಸೀಲು ಹಾಕಿಸ್ಕೊಂಡು ಬರ್ರಿ.